ಗೊರಕೆ ನಿಂತ ಮೇಲೆ

ಎಂಡೋಸ್ಕೋಪಿಗೋ, ಮುರಿದ ಕೈ ಕೂಡಿಸಲಿಕ್ಕೋ ಮತ್ತಿನ ಸೂಜಿ ಚುಚ್ಚುವ ಮುಂಚೆ ಕೇಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತಿರುವಂಥವೇ. ಬಿಪಿ ಇದೆಯೆ, ಸಕ್ಕರೆ ಕಾಯಿಲೆ ಇದೆಯೆ, ಯಾವ ಔಷಧ ಮೈಗೆ ಆಗಿಬರುವುದಿಲ್ಲ, ಕೊನೆಯ ಸಲ ಉಂಡದ್ದು ಯಾವಾಗ. ಇವುಗಳ ಸಾಲಿನಲ್ಲಿ ಇನ್ನೊಂದು ಪ್ರಶ್ನೆ ಇರಬೇಕು: ರಾತ್ರಿ ಗೊರಕೆ ಹೊಡೆಯುತ್ತೀರಾ? ಆದರೆ ಇದಕ್ಕೆ ರೋಗಿ ಕೊಡುವ ಉತ್ತರವನ್ನು ನಂಬುವ ಹಾಗಿಲ್ಲ. ತನ್ನ ಗೊರಕೆಯನ್ನು ತಾನು ಕೇಳಿದವರು ಯಾರಿದ್ದಾರೆ?

ಸಂತೆಕಲ್ಲೂರಿನಂಥ ಊರಿನವರಿಗೆ ಸಣ್ಣ ಜ್ವರ ನೆಗಡಿಗೆ ಮಸ್ಕಿ ಸಾಕು. ಅದಕ್ಕಿಂತ ದೊಡ್ಡದಾದರೆ ಲಿಂಗಸುಗೂರು ಇಲ್ಲವೆ ಸಿಂಧನೂರು, ಅದನ್ನೂ ಮೀರಿದರೆ ರಾಯಚೂರಿನ ರಿಮ್ಸ್. ಹಾಗೆ ದವಾಖಾನೆಗೆ ಬರುವ ಗಂಡಸಿನ ಜತೆ ಹೆಂಡತಿಯೂ ಬಂದಿರುತ್ತಾಳೆ. ಚೀಟಿ, ರಿಪೋರ್ಟು, ನೀರಿನ ಬಾಟಲಿ ಹಿಡಿದು ಬಾಗಿಲ ಹೊರಗೆ ನಿಂತಿರುವ ಅವಳನ್ನು ಒಳಗೆ ಕರೆದು ಅದೇ ಪ್ರಶ್ನೆ ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ:

"ಗೊರಕಿ ಏನ್ ಕೇಳ್ತೀರಿ ಡಾಕ್ಟ್ರೇ, ಪಡಸಾಲ್ಯಾಗ ಮಕ್ಕೊಂಡ್ರ ಓಣಿಗೆಲ್ಲ ಕೇಳ್ತೈತಿ. ಅದ್ರಾಗ ಒಮ್ಮಿಂದೊಮ್ಮೆ ಸಪ್ಪಳ ನಿಂತ್ ಬಿಡ್ತೈತ್ರಿ. ಉಸುರ ಆಡೂದಿಲ್ಲ. ನಾನು ಎದಿ ಮ್ಯಾಲ ಕೈ ಇಟ್ಟು ನೋಡ್ತೀನಿ. ಅಲುಗಾಡಿಸಿ ಎಬ್ಬಿಸ್ಬೇಕು ಅನ್ನೂದ್ರಾಗ ಗಕ್ಕಂತ ಎಳಕೊಂಡು ಮತ್ತ ಚಾಲೂ."

ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯ, ಅಂದರೆ ಸ್ಲೀಪ್ ಆಪ್ನಿಯಾದ, ಇಷ್ಟು ಕರಾರುವಾಕ್ಕಾದ ವರ್ಣನೆ ಪಠ್ಯಪುಸ್ತಕದಲ್ಲೂ ಕಷ್ಟ. ಜೋರು ಗೊರಕೆ, ಉಸಿರಿನ ನಿಲುಗಡೆ, ಬೆಚ್ಚಿ ಎಳೆದುಕೊಳ್ಳುವ ಉಸಿರು, ಮೂರೂ ಅದರಲ್ಲಿವೆ. ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ವೈದ್ಯರು ಅದನ್ನು ಒಂದು ನಿಲುಗಡೆ ಎಂದು ಲೆಕ್ಕ ಹಾಕುತ್ತಾರೆ. ಪೂರ್ತಿ ನಿಂತದ್ದು, ಅರೆಬರೆ ಕಟ್ಟಿದ್ದು ಎರಡೂ ಸೇರಿ ತಾಸಿಗೆ ಐದಕ್ಕಿಂತ ಹೆಚ್ಚಾದರೆ ಕಾಯಿಲೆ, ಮೂವತ್ತು ದಾಟಿದರೆ ತೀವ್ರ ಕಾಯಿಲೆ. ಲೆಕ್ಕ ಮಾಡಿ ನೋಡಿ: ಎರಡು ನಿಮಿಷಕ್ಕೊಮ್ಮೆ, ಇಡೀ ರಾತ್ರಿ. ಜಗತ್ತಿನಲ್ಲಿ ನೂರು ಕೋಟಿಯ ಹತ್ತಿರ ಹತ್ತಿರ ಜನರಿಗೆ ಈ ತೊಂದರೆ ಇದೆಯೆಂದು 2019ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅವರಲ್ಲಿ ಬಹುಪಾಲು ಜನ ತಪಾಸಣೆಯನ್ನೇ ಮಾಡಿಸಿಕೊಂಡವರಲ್ಲ. ಗೊರಕೆಯೆಂದರೆ ಗಾಢನಿದ್ದೆಯ ಗುರುತು ಎಂಬ ನಂಬಿಕೆ ನಮ್ಮಲ್ಲಂತೂ ಕುಂಭಕರ್ಣನಷ್ಟು ಹಳೆಯದು. ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ 2022ರ ಫೆಬ್ರವರಿಯಲ್ಲಿ ತೀರಿಕೊಂಡಾಗ ವೈದ್ಯರು ಈ ಕಾಯಿಲೆಯ ಹೆಸರು ಹೇಳಿದರು. ಆಗ ಕೆಲವು ದಿನ ಪತ್ರಿಕೆಗಳಲ್ಲಿ ಇದರ ಮಾತು ಬಂತು, ಹೋಯಿತು.

ಸಿಂಧನೂರು ಸೀಮೆಯಲ್ಲಿ ಕಾಲುವೆಗೆ, ಹಳ್ಳಕ್ಕೆ ಪಂಪು ಇಟ್ಟು ಗದ್ದೆಗೆ ನೀರು ಎತ್ತುವವರಿಗೆ ಗಂಟಲಿನ ಭೌತಶಾಸ್ತ್ರವನ್ನು ಹೊಸದಾಗಿ ಕಲಿಸಬೇಕಿಲ್ಲ. ಪಂಪಿನಿಂದ ನೀರು ಹೊರಗೆ ತಳ್ಳುವ ಕಡೆ ಚಪ್ಪಟೆಯಾಗಿ ಸುತ್ತಿಡಬಹುದಾದ ಮೆತ್ತನೆಯ ಪೈಪು ನಡೆಯುತ್ತದೆ. ನೀರು ಹೀರುವ ಕಡೆ ಮಾತ್ರ ಬಳೆ ಬಳೆಯಾಗಿ ಗಟ್ಟಿ ಪ್ಲಾಸ್ಟಿಕ್ ಸುತ್ತಿದ ಸಕ್ಷನ್ ಪೈಪೇ ಬೇಕು. ಅಲ್ಲಿ ಮೆತ್ತನೆಯದನ್ನು ಹಾಕಿದರೆ ಪಂಪು ಎಳೆದ ಕ್ಷಣ ಪೈಪು ಒಳಕ್ಕೆ ಅಂಟಿಕೊಳ್ಳುತ್ತದೆ. ಎಳೆತ ಹೆಚ್ಚಿದಷ್ಟೂ ಅಂಟು ಬಿಗಿ. ನಮ್ಮ ಶ್ವಾಸನಾಳಕ್ಕೆ ಹದಿನಾರರಿಂದ ಇಪ್ಪತ್ತು ಮೃದ್ವಸ್ಥಿಯ ಬಳೆಗಳಿವೆ. ಅದು ಸಕ್ಷನ್ ಪೈಪು. ಮೂಗಿನ ಹೊಳ್ಳೆಗಳ ಹಿಂದೆ ಎಲುಬಿನ ಗೂಡಿದೆ, ಅದೂ ಮುಚ್ಚುವುದಿಲ್ಲ. ಇವೆರಡರ ನಡುವೆ, ಕಿರುನಾಲಿಗೆಯ ಹಿಂದಿನಿಂದ ಧ್ವನಿಪೆಟ್ಟಿಗೆಯವರೆಗೆ ಇರುವ ಒಂದು ಗೇಣಿಗೂ ಕಡಿಮೆಯ ದಾರಿಗೆ ಬಳೆಯೂ ಇಲ್ಲ, ಗೂಡೂ ಇಲ್ಲ. ಬರೀ ಮಾಂಸ. ನುಂಗಲು, ಮಾತಾಡಲು ಅದು ಬಳುಕಲೇಬೇಕು. ಹೀರುವ ಕಡೆಗೇ ಮೆತ್ತನೆಯ ಪೈಪು ಜೋಡಿಸಿಕೊಂಡು ಹುಟ್ಟಿದ ಪ್ರಾಣಿ ನಾವು.

ಎಚ್ಚರವಿರುವಾಗ ಈ ದಾರಿಯನ್ನು ತೆರೆದಿಡುವ ಕೆಲಸ ಗಂಟಲಿನ ಸ್ನಾಯುಗಳದು. ಅವುಗಳಲ್ಲಿ ಮುಖ್ಯವಾದದ್ದು ಗದ್ದದ ಒಳಬದಿಯ ಎಲುಬಿನಿಂದ ಹೊರಟು ಬೀಸಣಿಗೆಯಂತೆ ನಾಲಿಗೆಯೊಳಕ್ಕೆ ಹರಡುವ ಸ್ನಾಯು. ನೀವು ಈ ಸಾಲು ಓದುತ್ತಿರುವಾಗಲೂ ಪ್ರತಿ ಉಸಿರಿನ ಮೊದಲಿಗೆ ಅದು ನಾಲಿಗೆಯ ಬುಡವನ್ನು ಒಂದಿಷ್ಟು ಮುಂದಕ್ಕೆ ಎಳೆಯುತ್ತಿದೆ. ಗಂಟಲೊಳಗೆ ಒತ್ತಡ ಇಳಿದ ಸುಳಿವು ಸಿಕ್ಕರೆ ಇನ್ನಷ್ಟು ಬಿಗಿಯುತ್ತದೆ. ನಿದ್ದೆ ಹತ್ತಿದಾಗ ಈ ಬಿಗಿ ಸಡಿಲವಾಗುತ್ತದೆ. ದಾರಿ ಅಗಲವಾಗಿದ್ದವರಿಗೆ ಇದರಿಂದ ಏನೂ ಆಗುವುದಿಲ್ಲ. ಅವರ ಗಂಟಲು ಮುಚ್ಚಬೇಕಾದರೆ ಸುತ್ತಲಿನ ಗಾಳಿಗಿಂತ ಹತ್ತು ಸೆಂಟಿಮೀಟರ್ ನೀರಿನಷ್ಟು ಕಡಿಮೆ ಒತ್ತಡ ಒಳಗೆ ಉಂಟಾಗಬೇಕು. ಕೊರಳ ಸುತ್ತ ಕೊಬ್ಬು ತುಂಬಿದವರಿಗೆ, ದವಡೆ ಚಿಕ್ಕದಿದ್ದು ಹಿಂದಕ್ಕೆ ಸರಿದವರಿಗೆ, ಟಾನ್ಸಿಲ್ ದಪ್ಪಗಿರುವ ಮಕ್ಕಳಿಗೆ ಅಷ್ಟು ಎಳೆತ ಬೇಡವೇ ಬೇಡ. ತೀವ್ರ ಆಪ್ನಿಯಾ ಇರುವವರ ಗಂಟಲು ನಿದ್ದೆಯಲ್ಲಿ ಯಾವ ಎಳೆತವೂ ಇಲ್ಲದೆ, ತನ್ನ ಭಾರಕ್ಕೆ ತಾನೇ ಕೂಡಿಕೊಳ್ಳುತ್ತದೆ.

ಹಾಗಾದರೆ ಅವರು ರಾತ್ರಿ ಕಳೆದು ಬೆಳಿಗ್ಗೆ ಏಳುವುದು ಹೇಗೆ? ಉಸಿರು ಕಟ್ಟಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಆಮ್ಲಜನಕ ಇಳಿಯುತ್ತದೆ, ಎದೆ ಮತ್ತು ವಪೆ ಮುಚ್ಚಿದ ಬಾಗಿಲನ್ನು ಜಗ್ಗತೊಡಗುತ್ತವೆ. ಈ ಗದ್ದಲವೆಲ್ಲ ಮೆದುಳಿಗೆ ಮುಟ್ಟಿ, ಅದು ಅರೆಗಳಿಗೆ ಎಚ್ಚರಗೊಳ್ಳುತ್ತದೆ. ನಾಲಿಗೆ ಮುಂದೆ ಚಿಮ್ಮುತ್ತದೆ, ಗಕ್ಕನೆ ಗಾಳಿ ನುಗ್ಗುತ್ತದೆ, ಮನುಷ್ಯ ಮತ್ತೆ ನಿದ್ದೆಗೆ ಜಾರುತ್ತಾನೆ. ಈ ಎಚ್ಚರ ಎಷ್ಟು ಗಿಡ್ಡದೆಂದರೆ ಬೆಳಗಾದ ಮೇಲೆ ನೆನಪೇ ಇರುವುದಿಲ್ಲ. ಬಾಯಿ ಒಣಗಿರುತ್ತದೆ, ತಲೆ ಭಾರ, ಮಧ್ಯಾಹ್ನ ಟ್ರ್ಯಾಕ್ಟರಿನ ಮೇಲೆ ತೂಕಡಿಕೆ. ನಿದ್ದೆಗೆಡಿಸುವ ಈ ಎಚ್ಚರವೇ ಜೀವ ಉಳಿಸುವುದೂ ಹೌದು.

ಮತ್ತಿನ ಔಷಧ ಕಸಿದುಕೊಳ್ಳುವುದು ಇದನ್ನೇ.

ಮತ್ತಿಗೆ ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲಲ್ಲಿ ರೋಗಿ ನಿರುಮ್ಮಳವಾಗಿರುತ್ತಾನೆ, ಮಾತಾಡುತ್ತಾನೆ. ಎರಡನೆಯದರಲ್ಲಿ ಕಣ್ಣು ಮುಚ್ಚಿದ್ದರೂ ಹೆಸರು ಹಿಡಿದು ಕರೆದರೆ, ಮೆಲ್ಲಗೆ ತಟ್ಟಿದರೆ ಓಗೊಡುತ್ತಾನೆ. ಮೂರನೆಯದರಲ್ಲಿ ಜೋರಾಗಿ ನೋಯಿಸಿದರೆ ಮಾತ್ರ ಅಲುಗುತ್ತಾನೆ. ಉಸಿರಿನ ದಾರಿಗೆ ನೆರವು ಬೇಕಾಗಬಹುದು. ನಾಲ್ಕನೆಯದು ಪೂರ್ಣ ಅರಿವಳಿಕೆ. ಕಾಗದದ ಮೇಲೆ ಇವು ಬೇರೆ ಬೇರೆ. ಮೇಜಿನ ಮೇಲೆ ಮಲಗಿದವನಲ್ಲಿ ಒಂದರಿಂದ ಇನ್ನೊಂದಕ್ಕೆ ಜಾರಲು ಅರ್ಧ ಸಿರಿಂಜು ಸಾಕು. ಆಪ್ನಿಯಾ ಇರುವವರಲ್ಲಿ ಎರಡು ಮತ್ತು ಮೂರರ ನಡುವಿನ ಅಂತರ ಇನ್ನೂ ಕಿರಿದು. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್, ಮಿಡಜೋಲಮ್, ನೋವಿಗೆ ಕೊಡುವ ಫೆಂಟನಿಲ್ ಇವೆಲ್ಲ ತಂತಮ್ಮ ರೀತಿಯಲ್ಲಿ ಗಂಟಲಿನ ಬಿಗಿಯನ್ನು ಸಡಿಲಿಸುತ್ತವೆ, ಡೈಆಕ್ಸೈಡ್ ಏರಿದರೂ ಉಸಿರಾಟದ ಕೇಂದ್ರ ಸುಮ್ಮನಿರುವಂತೆ ಮಾಡುತ್ತವೆ. ಒಂದೊಂದನ್ನೇ ಕೊಟ್ಟರೆ ತಡೆದುಕೊಳ್ಳಬಹುದಾದದ್ದು ಎರಡು ಸೇರಿದಾಗ ಕೂಡಿ ಅಲ್ಲ, ಗುಣಿಸಿ ಬರುತ್ತದೆ. ಮನೆಯಲ್ಲಿ ಉಸಿರು ಕಟ್ಟಿದರೆ ಮೆದುಳು ಎಬ್ಬಿಸುತ್ತಿತ್ತು. ಇಲ್ಲಿ ಮೆದುಳನ್ನೇ ಮಲಗಿಸಿದ್ದೇವೆ. ಎಬ್ಬಿಸುವ ಕೆಲಸ ಈಗ ತಲೆದೆಸೆಯಲ್ಲಿ ನಿಂತವರ ಪಾಲಿಗೆ ಬಂತು.

ಉಳಿದಿರುವ ಸಮಯವೂ ಕಡಿಮೆ. ದೊಡ್ಡವರ ದೇಹ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬಳಸುತ್ತದೆ. ಉಸಿರು ಬಿಟ್ಟ ಮೇಲೂ ಎದೆಯಲ್ಲಿ ಎರಡೂವರೆ ಲೀಟರಿನಷ್ಟು ಗಾಳಿ ಉಳಿದಿರುತ್ತದೆ. ಬರೀ ಗಾಳಿಯಾದರೆ ಅದರಲ್ಲಿ ಆಮ್ಲಜನಕ ಐದರಲ್ಲೊಂದು ಪಾಲು, ಅಂದರೆ ಎರಡು ನಿಮಿಷದ ಬುತ್ತಿ. ಮೊದಲೇ ಮುಖವಾಡ ಇಟ್ಟು ಶುದ್ಧ ಆಮ್ಲಜನಕ ತುಂಬಿಸಿದರೆ ಆರೋಗ್ಯವಂತನಿಗೆ ಎಂಟು ನಿಮಿಷದವರೆಗೂ ಸಾಲುತ್ತದೆ. ಬೊಜ್ಜಿನವರು ಅಂಗಾತ ಮಲಗಿದಾಗ ಹೊಟ್ಟೆ ವಪೆಯನ್ನು ಮೇಲೊತ್ತಿ ಆ ಎರಡೂವರೆ ಲೀಟರನ್ನೇ ಹಿಸುಕಿಬಿಡುತ್ತದೆ. ಅವರಿಗೆ ಅದೇ ತಯಾರಿಯಲ್ಲಿ ಮೂರು ನಿಮಿಷ ಸಿಕ್ಕರೆ ಪುಣ್ಯ.

ಮತ್ತು ಕೊಟ್ಟಾಗ ಮೊದಲು ನೋಡಬೇಕಾದದ್ದು ನಾಡಿಯೋ ಉಸಿರೋ ಎಂಬ ಜಗಳ ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನು, ಎಡಿನ್‌ಬರೊಗಳ ನಡುವೆ ದಶಕಗಳ ಕಾಲ ನಡೆಯಿತು. ಅದರ ದೊಡ್ಡ ಪಂಚಾಯ್ತಿ ಕೂಡಿದ್ದು ನಮ್ಮ ಹೈದರಾಬಾದಿನಲ್ಲಿ. 'ನಮ್ಮ' ಎಂದದ್ದು ಬರೀ ಅಭಿಮಾನಕ್ಕಲ್ಲ. ಆಗ ಸಂತೆಕಲ್ಲೂರು, ಮಸ್ಕಿ, ಸಿಂಧನೂರು ಎಲ್ಲವೂ ನಿಜಾಮನ ಸೀಮೆ. ಲಿಂಗಸುಗೂರೇ ಒಂದು ಜಿಲ್ಲೆಯ ಹೆಸರಾಗಿತ್ತು, 1905ರವರೆಗೆ. ಕ್ಲೋರೋಫಾರಂ 1847ರಲ್ಲಿ ಬಳಕೆಗೆ ಬಂತು, ಮರುವರ್ಷವೇ ಇಂಗ್ಲೆಂಡಿನಲ್ಲಿ ಹದಿನೈದರ ಹುಡುಗಿ ಹ್ಯಾನಾ ಗ್ರೀನರ್ ಕಾಲುಗುರು ತೆಗೆಸಿಕೊಳ್ಳುವಾಗ ಅದರಿಂದ ಸತ್ತಳು. ಹೃದಯ ನಿಂತು ಸಾಯುತ್ತಾರೆ ಎಂದಿತು ಲಂಡನ್. ಉಸಿರು ನಿಂತು ಸಾಯುತ್ತಾರೆ, ನಾಡಿ ಹಿಡಿದು ಕೂರುವವರು ಉಸಿರು ನೋಡುವುದನ್ನು ಮರೆಯುತ್ತಾರೆ ಎಂದಿತು ಎಡಿನ್‌ಬರೊ. ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಎರಡನೆಯ ಪಂಗಡದ ಕಟ್ಟಾಳು. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನ್ ಹಣ ಕೊಟ್ಟ. 1888ರಲ್ಲಿ ಮೊದಲ ಕ್ಲೋರೋಫಾರಂ ಆಯೋಗ, 1889ರಲ್ಲಿ ಎರಡನೆಯದು. ಎರಡನೆಯದಕ್ಕೆ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯ ಪರವಾಗಿ ಲಾಡರ್ ಬ್ರಂಟನ್ ಹಡಗೇರಿ ಬಂದ. ನೂರಾರು ನಾಯಿಗಳು, ಜತೆಗೆ ಕೋತಿ, ಆಡು, ಕುದುರೆಗಳ ಮೇಲೆ ಪ್ರಯೋಗ ನಡೆದವು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯೆ ಎಂದು ಈಗ ನೆನೆಯಲಾಗುವ ರೂಪಾಬಾಯಿ ಫರ್ದೂನ್‌ಜಿ ಹೈದರಾಬಾದಿನ ವೈದ್ಯಕೀಯ ಶಾಲೆಯಲ್ಲಿ ಕಲಿತದ್ದೂ ಇದೇ ಲಾರಿಯ ಕೈಕೆಳಗೆ.

ಆಯೋಗದ ತೀರ್ಪು: ಕೊಲ್ಲುವುದು ಉಸಿರುಗಟ್ಟುವಿಕೆ, ಹೃದಯವಲ್ಲ, ಆದ್ದರಿಂದ ಕಣ್ಣು ಉಸಿರಿನ ಮೇಲಿರಲಿ. ಬ್ರಂಟನ್ ಅದನ್ನು ಲಂಡನ್ನಿಗೆ ತಂತಿ ಹೊಡೆದು ತಿಳಿಸಿದ. ಆದರೆ ಲಾರಿ ಅರ್ಧ ತಪ್ಪಿದ್ದ. ಕ್ಲೋರೋಫಾರಂ ನೇರವಾಗಿ ಹೃದಯದ ಲಯ ಕೆಡಿಸಿ ನಿಲ್ಲಿಸಬಲ್ಲದು ಎಂಬುದನ್ನು 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳಲ್ಲಿ ತೋರಿಸಿದ, ಹೈದರಾಬಾದಿನ ತೀರ್ಪು ಇತಿಹಾಸದ ಮೂಲೆಗೆ ಸರಿಯಿತು. ಕ್ಲೋರೋಫಾರಂ ಕೂಡ ಹೋಯಿತು. ಈಗ ಬಳಸುವ ಔಷಧಗಳು ಬೇರೆ, ಇವು ಬಹುತೇಕ ಉಸಿರಿನ ದಾರಿಯಿಂದಲೇ ಕೆಡುಕು ತರುತ್ತವೆ. ಹಾಗಾಗಿ ತನ್ನ ಕಾಲದ ಔಷಧಕ್ಕೆ ಅರೆಬರೆ ಹೊಂದಿದ ಲಾರಿಯ ನಿಯಮ, ಅವನು ಕಂಡರಿಯದ ಔಷಧಗಳಿಗೆ ಪೂರಾ ಹೊಂದುತ್ತದೆ. ಅಮೆರಿಕದ ಹಾಸ್ಯಗಾರ್ತಿ ಜೋನ್ ರಿವರ್ಸ್ 2014ರಲ್ಲಿ ನ್ಯೂಯಾರ್ಕಿನಲ್ಲಿ ಗಂಟಲು ಮತ್ತು ಜಠರದ ಎಂಡೋಸ್ಕೋಪಿ ಮಾಡಿಸಿಕೊಳ್ಳುವಾಗ ಪ್ರೊಪೊಫಾಲ್ ಮತ್ತಿನಲ್ಲಿದ್ದರು. ಆಮ್ಲಜನಕ ಸಾಲದೆ ಮೆದುಳಿಗಾದ ಹಾನಿಯೇ ಸಾವಿಗೆ ಕಾರಣ ಎಂದು ಅಲ್ಲಿನ ಶವಪರೀಕ್ಷಾ ವೈದ್ಯರು ಬರೆದರು. ಅವರಿಗೆ ಆಪ್ನಿಯಾ ಇತ್ತೆಂದು ನಾನು ಹೇಳುತ್ತಿಲ್ಲ. ಮಹಾನಗರದಲ್ಲೂ ಕೆಡುವುದು ಇದೇ ಕೊಂಡಿ ಎಂದಷ್ಟೇ ನನ್ನ ಮಾತು.

ಕಣ್ಣು ಉಸಿರಿನ ಮೇಲಿರಬೇಕೆಂದರೆ ಏನನ್ನು ನೋಡಬೇಕು? ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರ ಚೀಲದಲ್ಲೂ ಬಂತು. ಜಪಾನಿನ ತಕುವೊ ಅಯೋಯಾಗಿ 1974ರಲ್ಲಿ ಅದರ ತತ್ವ ಕಂಡುಹಿಡಿಯದಿದ್ದರೆ ಅರಿವಳಿಕೆ ಇವತ್ತಿನಷ್ಟು ನಿರಪಾಯಕಾರಿ ಆಗುತ್ತಿರಲಿಲ್ಲ. ಆದರೆ ಅದಕ್ಕೊಂದು ದೌರ್ಬಲ್ಯವಿದೆ, ಈ ರೋಗಿಗಳಲ್ಲಿ ಅದೇ ಮುಳುವಾಗುತ್ತದೆ. ಮೂಗಿಗೆ ನಳಿಕೆಯಿಟ್ಟು ಆಮ್ಲಜನಕ ಬಿಟ್ಟಿದ್ದರೆ ಉಸಿರು ಪೂರ್ತಿ ನಿಂತ ಮೇಲೂ ಒಂದೆರಡು ನಿಮಿಷ ಪರದೆಯ ಮೇಲೆ 98, 99 ಎಂದೇ ಮಿನುಗುತ್ತಿರುತ್ತದೆ. ಎದೆಯ ಬುತ್ತಿ ಕರಗುವವರೆಗೆ ರಕ್ತ ಕೆಂಪಗೇ ಇರುತ್ತದಲ್ಲ! ಅಂಕಿ 90ಕ್ಕೆ ಇಳಿಯುವ ಹೊತ್ತಿಗೆ ಇಳಿಜಾರು ಶುರುವಾಗಿರುತ್ತದೆ, ಆಮೇಲೆ ಬಿಡುವೇ ಸಿಗದು. ಆಕ್ಸಿಮೀಟರ್ ಹೇಳುವುದು ಒಂದೆರಡು ನಿಮಿಷ ಹಿಂದಿನ ಸುದ್ದಿ.

ಅವತ್ತಿನ ಸುದ್ದಿ ಅವತ್ತೇ ಬೇಕಾದರೆ ಕ್ಯಾಪ್ನೋಗ್ರಾಫ್ ಇರಬೇಕು. ಹೊರಬರುವ ಉಸಿರಿನಲ್ಲಿ ಶೇಕಡಾ 5ರಷ್ಟು ಡೈಆಕ್ಸೈಡ್ ಇರುತ್ತದೆ. ಒಳಹೋಗುವುದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮೂಗಿನ ಬಳಿಯ ಸಣ್ಣ ನಳಿಕೆ ಈ ಏರಿಳಿತವನ್ನು ಹೀರಿ ಪರದೆಯ ಮೇಲೆ ಗೆರೆ ಬರೆಯುತ್ತದೆ. ಪ್ರತಿ ಉಸಿರಿಗೂ ಒಂದು ಚೌಕ ಗುಡ್ಡ: ನೇರ ಏರಿಕೆ, ಚಪ್ಪಟೆ ನೆತ್ತಿ, ನೇರ ಇಳಿಕೆ. ಗುಡ್ಡಗಳು ಗಿಡ್ಡವಾದರೆ, ನೆತ್ತಿ ಓರೆಯಾದರೆ ದಾರಿ ಕಿರಿದಾಗುತ್ತಿದೆ ಎಂದು ಅನುಮಾನ ಪಡಬೇಕು. ಗೆರೆ ನೆಲಕ್ಕಂಟಿ ಸಪಾಟಾಯಿತೇ, ಅತ್ತ ಎದೆ ಇನ್ನೂ ಏರಿಳಿಯುತ್ತಿದೆಯೇ, ಹಾಗಾದರೆ ಬಾಗಿಲು ಮುಚ್ಚಿದೆ, ಒಳಗಿನವನು ಜಗ್ಗುತ್ತಿದ್ದಾನೆ. ಅಮೆರಿಕದ ಅರಿವಳಿಕೆ ವೈದ್ಯರ ಸಂಘ 2011ರಿಂದ ಎರಡನೆಯ ಮೆಟ್ಟಿಲು ಮತ್ತು ಅದಕ್ಕಿಂತ ಆಳದ ಮತ್ತಿಗೆ ಇದನ್ನು ಮಾನದಂಡದಲ್ಲೇ ಸೇರಿಸಿತು. ನಮ್ಮಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಇರುವ ಈ ಯಂತ್ರ ಪಕ್ಕದ ಎಂಡೋಸ್ಕೋಪಿ ಕೋಣೆಗೋ ಡ್ರೆಸ್ಸಿಂಗ್ ಕೋಣೆಗೋ ಬರುವುದಿಲ್ಲ. ಉಸಿರಿಗೆ ಅಪಾಯ ಎರಡೂ ಕಡೆ ಒಂದೇ ಎಂಬುದನ್ನು ಖರೀದಿ ಪಟ್ಟಿ ಬರೆಯುವವರಿಗೆ ಯಾರಾದರೂ ಹೇಳಬೇಕು.

ಯಂತ್ರ ಇಲ್ಲದಲ್ಲಿ ಕಣ್ಣು, ಕಿವಿ, ಅಂಗೈ ಇವೆ. ಮೂಗಿನ ಮುಂದೆ ಹಿಡಿದ ಅಂಗೈಗೆ ಬಿಸಿ ಉಸಿರು ತಾಗಬೇಕು. ಎದೆ ಮತ್ತು ಹೊಟ್ಟೆ ಒಟ್ಟಿಗೆ ಏರಬೇಕು. ಹೊಟ್ಟೆ ಉಬ್ಬಿದಾಗ ಎದೆ ಒಳಸೇದಿದರೆ, ಕೊರಳ ಗುಣಿ ತಗ್ಗಾದರೆ ದಾರಿ ಕಟ್ಟಿದೆ. ಗೊರಕೆ ಕೇಳುತ್ತಿದ್ದರೆ ದಾರಿ ಅರ್ಧ ತೆರೆದಿದೆ ಎಂದರ್ಥ. ಹೊಸಬರು ಗೊರಕೆಗೆ ಗಾಬರಿಯಾಗಿ ಅದು ನಿಂತಾಗ 'ಸದ್ಯ' ಎಂದು ನಿಟ್ಟುಸಿರು ಬಿಡುತ್ತಾರೆ. ಅನುಭವಸ್ಥರು ಕುರ್ಚಿಯಿಂದ ಏಳುವುದು ಆಗಲೇ.

ಎದ್ದು ಅವರು ಮಾಡುವ ಕೆಲಸ ನೋಡಲು ಸರಳ. ತಲೆದೆಸೆಯಲ್ಲಿ ನಿಂತು, ಎರಡೂ ಕೈಯ ಬೆರಳುಗಳನ್ನು ಕಿವಿಯ ಹಾಲೆಯ ಕೆಳಗೆ, ದವಡೆ ಮೂಲೆ ತಿರುಗುವ ಎಲುಬಿನ ಹಿಂದೆ ಕೊಕ್ಕೆಯಂತೆ ಸಿಕ್ಕಿಸುತ್ತಾರೆ. ಹೆಬ್ಬೆರಳುಗಳು ಗದ್ದದ ಮೇಲೆ. ಆಮೇಲೆ ದವಡೆಯನ್ನು ಸೂರಿನ ಕಡೆಗೆ ಎತ್ತುತ್ತಾರೆ, ಕೆಳಹಲ್ಲಿನ ಸಾಲು ಮೇಲ್ಹಲ್ಲಿನ ಸಾಲಿಗಿಂತ ಮುಂದೆ ಬರುವವರೆಗೆ. ಹೆಬ್ಬೆರಳು ಬಾಯಿಯನ್ನು ತುಸು ತೆರೆಯುತ್ತದೆ. ನಾಲಿಗೆಯ ಸ್ನಾಯು ಗದ್ದದ ಒಳಬದಿಗೆ ಕಟ್ಟಿಕೊಂಡಿದೆ ಎಂದೆನಲ್ಲ, ದವಡೆ ಮುಂದೆ ಬಂದರೆ ನಾಲಿಗೆಯ ಬುಡ ಅದರ ಬೆನ್ನಿಗೇ ಬರಬೇಕು, ಮುಚ್ಚಿದ್ದ ದಾರಿ ಬಿಡಿಸಿಕೊಳ್ಳಬೇಕು. ಚೆನ್ನಾಗಿ ಮಾಡಿದರೆ ಮರುಗಳಿಗೆಯಲ್ಲೇ ಭುಸ್ಸೆಂದು ಗಾಳಿ ಹೋಗುವ ಸದ್ದು. ಈ ಹಿಡಿತ ನೋವು ಕೊಡುತ್ತದೆ, ಆ ನೋವೂ ರೋಗಿಯನ್ನು ಒಂದು ಮೆಟ್ಟಿಲು ಮೇಲೆ ತರುತ್ತದೆ. 1870ರ ದಶಕದಲ್ಲಿ ನಾರ್ವೆಯ ಹೈಬರ್ಗ್, ಜರ್ಮನಿಯ ಎಸ್ಮಾರ್ಕ್ ಇದನ್ನು ಬರೆದಿಟ್ಟರು. ಕಾಸು ಖರ್ಚಿಲ್ಲ, ಕರೆಂಟು ಬೇಡ. ಐದು ನಿಮಿಷ ಹಿಡಿದು ನಿಂತವರ ಬೆರಳು ಮಾತ್ರ ಸೋತುಹೋಗುತ್ತವೆ. ಆದ್ದರಿಂದ ಎಂಡೋಸ್ಕೋಪ್ ಹಿಡಿದವರೇ ಮತ್ತಿನ ಮೇಲೂ ಕಣ್ಣಿಡುತ್ತೇನೆ ಎಂದರೆ ಒಪ್ಪಬಾರದು. ಅವರಿಗೆ ಇರುವುದು ಎರಡೇ ಕೈ, ಎರಡೂ ಬೇರೆ ಕೆಲಸದಲ್ಲಿವೆ.

ಕೈ ಹಾಕುವ ಪ್ರಸಂಗವೇ ಬಾರದಂತೆ ಮಾಡುವ ಉಪಾಯಗಳೂ ಇವೆ. ಅಂಗಾತ ಮಲಗಿಸಿದರೆ ಭೂಮಿಯ ಸೆಳೆತ ನಾಲಿಗೆಯನ್ನು ಹಿಂದಕ್ಕೆ ಬೀಳಿಸುತ್ತದೆ. ಮಗ್ಗುಲಾಗಿ ಮಲಗಿಸಿದರೆ ಬದಿಗೆ. ಎಂಡೋಸ್ಕೋಪಿಯನ್ನು ಎಡಮಗ್ಗುಲಲ್ಲಿ ಮಾಡುವುದು ಈ ಲೆಕ್ಕದಲ್ಲಿ ಅದೃಷ್ಟವೇ ಸರಿ. ಮಗ್ಗುಲು ಆಗದಿದ್ದರೆ ತಲೆದೆಸೆಯನ್ನು 25-30 ಡಿಗ್ರಿ ಎತ್ತಬೇಕು. ದಪ್ಪ ದೇಹದವರಿಗೆ ತಲೆಯಡಿ ಒಂದು ದಿಂಬು ಸಾಲದು, ಅದು ಗದ್ದವನ್ನು ಎದೆಗೆ ಒತ್ತಿ ಇನ್ನಷ್ಟು ಕೆಡಿಸುತ್ತದೆ. ಬೆನ್ನು, ಹೆಗಲು, ತಲೆ ಮೂರರಡಿಯೂ ಕಂಬಳಿ ಮಡಚಿ ಇಳಿಜಾರು ಕಟ್ಟಿ, ಕಿವಿಯ ತೂತು ಎದೆಯೆಲುಬಿನ ಮೇಲಂಚಿಗೆ ಸಮವಾಗಿ ಬಂತೇ ನೋಡಬೇಕು. ಮೂಗಿನ ಮೂಲಕ ಗಂಟಲಿನವರೆಗೆ ಇಳಿಸುವ ಮೆತ್ತನೆಯ ರಬ್ಬರ್ ನಳಿಕೆ ಅರೆಮತ್ತಿನವರಿಗೂ ಸಹ್ಯ. ಮೂಗಿನ ಹೊಳ್ಳೆಯಿಂದ ಕಿವಿಯ ಹಾಲೆಯವರೆಗೆ ಅಳೆದು, ಲಿಗ್ನೋಕೇನ್ ಜೆಲ್ಲಿ ಸವರಿ ಹಾಕುತ್ತಾರೆ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರಲ್ಲಿ ಮೂಗಿನ ರಕ್ತ ಸುರಿದು ಹೊಸ ಫಜೀತಿಯಾಗಬಹುದು, ಅದು ನೆನಪಿರಬೇಕು. ಬಾಯಿಯ ಮೂಲಕ ಹಾಕುವ ಗಟ್ಟಿ ನಳಿಕೆ ಅರೆಎಚ್ಚರದಲ್ಲಿ ವಾಂತಿ ಬರಿಸುತ್ತದೆ.

ಇವೆಲ್ಲಕ್ಕಿಂತ ಚೆಂದದ ಉಪಾಯ ಸಿಡ್ನಿಯ ಕಾಲಿನ್ ಸುಲಿವಾನ್‌ದು. ಪೈಪಿಗೆ ಬಳೆ ತೊಡಿಸಲಾಗದಿದ್ದರೆ ಒಳಗಿನಿಂದ ಗಾಳಿಯನ್ನೇ ಒತ್ತಿ ಉಬ್ಬಿಸಿಡಬಹುದಲ್ಲ ಎಂದು ಯೋಚಿಸಿದ ಆತ, ಕಸ ಹೀರುವ ಯಂತ್ರದ ಮೋಟರನ್ನು ತಿರುವುಮುರುವು ಮಾಡಿ ರೋಗಿಯ ಮೂಗಿಗೆ ಗಾಳಿ ಊದಿದ. 1981ರಲ್ಲಿ ಐವರು ರೋಗಿಗಳ ವರದಿ ಪ್ರಕಟವಾಯಿತು. ಇವತ್ತಿನ ಸಿಪ್ಯಾಪ್ ಯಂತ್ರ ಅದರ ಸಂತಾನ. ಊದುವ ಒತ್ತಡ 4ರಿಂದ 20 ಸೆಂಟಿಮೀಟರ್ ನೀರಿನಷ್ಟು. ಮನೆಯಲ್ಲಿ ಈ ಯಂತ್ರ ಇರುವವರು ಆಸ್ಪತ್ರೆಗೆ ಬರುವಾಗ ಅದನ್ನೂ ಹೊತ್ತು ತರಬೇಕು, ಮತ್ತಿನಲ್ಲೂ ಮತ್ತು ಇಳಿಯುವಾಗಲೂ ಅದು ಬೇಕು. ನಮ್ಮ ಕಡೆ ಹಾಗೆ ಹೊತ್ತು ತರುವವರು ಅಪರೂಪ, ಏಕೆಂದರೆ ಕಾಯಿಲೆ ಇದೆಯೆಂದು ಗೊತ್ತಿರುವವರೇ ಅಪರೂಪ.

ಮತ್ತೆ ಪ್ರಶ್ನೆಗೇ ಬರಬೇಕಾಯಿತು. ಟೊರಾಂಟೊದ ಅರಿವಳಿಕೆ ತಜ್ಞೆ ಫ್ರಾನ್ಸಿಸ್ ಚುಂಗ್ ಮತ್ತು ಸಂಗಡಿಗರು 2008ರಲ್ಲಿ ಕೊಟ್ಟ ಸ್ಟಾಪ್-ಬ್ಯಾಂಗ್ ಪಟ್ಟಿಯಲ್ಲಿ ಎಂಟು ಅಂಶಗಳಿವೆ. ಜೋರು ಗೊರಕೆ, ಹಗಲು ದಣಿವು, ಉಸಿರು ನಿಂತದ್ದನ್ನು ಬೇರೆಯವರು ಕಂಡದ್ದು, ಬಿಪಿ, ದೇಹತೂಕ ಸೂಚ್ಯಂಕ 35 ಮೀರಿದ್ದು, ವಯಸ್ಸು 50 ದಾಟಿದ್ದು, ದಪ್ಪ ಕೊರಳು, ಗಂಡಸಾಗಿರುವುದು. ಐದು ಅಥವಾ ಹೆಚ್ಚು ಬಂದರೆ ಕಾಯಿಲೆ ಇದೆಯೆಂದೇ ತಿಳಿದು ಸಿದ್ಧರಾಗುವುದು ಜಾಣತನ. ಪಟ್ಟಿ ಒಳ್ಳೆಯದೇ, ಆದರೆ ಕೆನಡಾದ ಅಳತೆಗೋಲು ಮಾನ್ವಿ-ಮಸ್ಕಿಗೆ ನೇರ ಕೂರುವುದಿಲ್ಲ. ಏಷ್ಯಾದ ಜನರಲ್ಲಿ ಮುಖದ ಎಲುಬಿನ ರಚನೆಯಿಂದಾಗಿ ಇಷ್ಟು ತೂಕವಿಲ್ಲದೆಯೂ ಆಪ್ನಿಯಾ ಬರುತ್ತದೆ. ಸೊರಗಿದ ಮೈಯ, ಒಳಸರಿದ ಗದ್ದದ ಕೂಲಿಕಾರನನ್ನು ನೋಡಿ 'ಇವನಿಗೆಲ್ಲಿಯ ಗೊರಕೆ' ಎಂದುಕೊಂಡರೆ ತಪ್ಪುವ ಸಂಭವ ಹೆಚ್ಚು.

ಬಾಯಿ ತೆರೆಸಿ ನೋಡುವ ಪರೀಕ್ಷೆಯೊಂದಿದೆ. ಅದು ನಮ್ಮ ನೆರೆಯವರದೇ. ಆಂಧ್ರ ಮೂಲದ, ಬಾಸ್ಟನ್ನಿನಲ್ಲಿ ಅರಿವಳಿಕೆ ವೈದ್ಯರಾಗಿದ್ದ ಶೇಷಗಿರಿ ರಾವ್ ಮಲ್ಲಂಪಾಟಿ 1985ರಲ್ಲಿ ಇದನ್ನು ಪ್ರಕಟಿಸಿದರು. ರೋಗಿ ನೇರ ಕೂತು, 'ಆ' ಎನ್ನದೆ, ಬಾಯಿ ಅಗಲಿಸಿ ನಾಲಿಗೆ ಪೂರ್ತಿ ಚಾಚಬೇಕು. ಕಿರುನಾಲಿಗೆ, ಅದರ ಎರಡೂ ಬದಿಯ ಕಮಾನು ಕಂಡರೆ ನಿರಾಳ. ನಾಲಿಗೆಯ ಗುಡ್ಡ ಬಿಟ್ಟು ಬೇರೇನೂ ಕಾಣದಿದ್ದರೆ ಒಳಗೆ ಜಾಗ ಕಡಿಮೆ. ಇಂದು ಜಗತ್ತಿನ ಯಾವ ಆಸ್ಪತ್ರೆಯ ಅರಿವಳಿಕೆ ಚೀಟಿಯಲ್ಲೂ ಈ ತೆಲುಗು ಮನೆತನದ ಹೆಸರು ಇರುತ್ತದೆ.

ಅನುಮಾನ ಗಟ್ಟಿಯಾದರೆ ಮೊದಲು ಕೇಳಬೇಕಾದದ್ದು, ಮತ್ತು ಬೇಕೇ ಬೇಕೆ? ಗಂಟಲಿಗೆ ಲಿಗ್ನೋಕೇನ್ ಸ್ಪ್ರೇ ಹೊಡೆದು ಎಚ್ಚರದಲ್ಲೇ ಎಂಡೋಸ್ಕೋಪಿ ಮಾಡಬಹುದು, ತಾಲ್ಲೂಕು ಊರುಗಳಲ್ಲಿ ಮಾಡುತ್ತಲೂ ಇದ್ದಾರೆ. ಮುರಿದ ಮುಂಗೈಗೆ ತೋಳಿನ ನರದ ಸುತ್ತ ಮದ್ದು ಹಾಕಿ ಕೈಯನ್ನಷ್ಟೇ ಜೋಮು ಹಿಡಿಸಬಹುದು. ಮತ್ತು ಬೇಕೇಬೇಕಾದರೆ ಕೆಟಮಿನ್ ಗಂಟಲಿನ ಬಿಗಿಯನ್ನು ಬಹುಮಟ್ಟಿಗೆ ಉಳಿಸುತ್ತದೆ; ಡೆಕ್ಸ್‌ಮೆಡಿಟೊಮಿಡಿನ್ ಉಸಿರಾಟದ ಕೇಂದ್ರವನ್ನು ಅಷ್ಟಾಗಿ ಕುಗ್ಗಿಸದು, ಆದರೂ ಅದರಲ್ಲೂ ಗಂಟಲು ಮುಚ್ಚಬಹುದು. ಆಯ್ಕೆ ಯಾವುದೇ ಇರಲಿ, ಚೂರುಚೂರೇ ಕೊಟ್ಟು ಕಾಯಬೇಕು. ಸರದಿಯಲ್ಲಿ ಇಪ್ಪತ್ತು ಜನ ಕೂತಿರುವ ದಿನ ಈ ಕಾಯುವಿಕೆಯೇ ಎಲ್ಲಕ್ಕಿಂತ ದುಬಾರಿ.

ಕೆಲಸ ಮುಗಿದ ಗಳಿಗೆ ಎಲ್ಲರೂ ಹಗುರಾಗುತ್ತಾರೆ. ಅಪಾಯ ಹೆಚ್ಚುವುದೂ ಆಗಲೇ. ಎಂಡೋಸ್ಕೋಪಿನ ಕಸಿವಿಸಿಯೋ ಎಲುಬು ಎಳೆಯುವ ನೋವೋ ಇಷ್ಟು ಹೊತ್ತು ರೋಗಿಯನ್ನು ಆಳಕ್ಕೆ ಬಿಡದೆ ಹಿಡಿದಿತ್ತು. ಅದು ತಪ್ಪಿದೊಡನೆ, ರಕ್ತದಲ್ಲಿ ಉಳಿದ ಅದೇ ಮದ್ದು ಅವನನ್ನು ಇನ್ನೊಂದು ಮೆಟ್ಟಿಲು ಕೆಳಗಿಳಿಸುತ್ತದೆ. ಸ್ಟ್ರೆಚರಿನ ಮೇಲೆ ಅಂಗಾತ ಹಾಕಿ ಪಡಸಾಲೆಗೆ ತಳ್ಳಿದರೆ ನೋಡುವವರಿಲ್ಲ. ಮಿಡಜೋಲಮ್ಮಿಗೆ ಮರುಮದ್ದಾದ ಫ್ಲುಮಜೆನಿಲ್ ಕೊಟ್ಟು ಎಬ್ಬಿಸಿದರೂ ನಂಬುವಂತಿಲ್ಲ, ಮರುಮದ್ದಿನ ಕಾವು ಮೊದಲು ಆರುತ್ತದೆ, ಮದ್ದು ಉಳಿಯುತ್ತದೆ, ರೋಗಿ ಮತ್ತೆ ಜಾರುತ್ತಾನೆ. ಪ್ರೊಪೊಫಾಲಿಗಂತೂ ಮರುಮದ್ದೇ ಇಲ್ಲ. ಆದ್ದರಿಂದ ಮನೆಗೆ ಕಳಿಸಬಹುದೇ ಎಂದು ನಿರ್ಧರಿಸುವ ಪರೀಕ್ಷೆ, ಹೆಸರು ಕೂಗಿ ಎಬ್ಬಿಸಿ ಆಕ್ಸಿಮೀಟರ್ ನೋಡುವುದಲ್ಲ. ಆಮ್ಲಜನಕದ ನಳಿಕೆ ತೆಗೆದು, ಯಾರೂ ಮುಟ್ಟದೆ, ಮಾತಾಡಿಸದೆ ಬಿಟ್ಟು, ಅವನು ತನ್ನಷ್ಟಕ್ಕೆ ತೂಕಡಿಸಿದಾಗಲೂ ಅಂಕಿ ಮೊದಲಿನಷ್ಟೇ ನಿಲ್ಲುತ್ತದೆಯೇ ಎಂದು ನೋಡಬೇಕು.

ಅಂಕಿ ನಿಂತರೆ ಬಸ್ಸು ಹತ್ತಬಹುದು, ಬೈಕು ಓಡಿಸುವಂತಿಲ್ಲ. ಅವತ್ತು ರಾತ್ರಿ ಮಗ್ಗುಲಾಗಿ, ಇಲ್ಲವೆ ಬೆನ್ನಿಗೆ ಎತ್ತರ ಕೊಟ್ಟು ಮಲಗಬೇಕು. ನಿದ್ದೆ ಮಾತ್ರೆ ಬೇಡ, ಕುಡಿತ ಬೇಡ. ನೋವಿಗೆ ಪ್ಯಾರಸಿಟಮಾಲ್ ನಡೆಯುತ್ತದೆ. ಟ್ರಮಡಾಲ್‌ನಂಥವು ಗಂಟಲಿಗೆ ಮತ್ತೆ ಮತ್ತು ಬರಿಸುವ ಜಾತಿಯವು, ವೈದ್ಯರನ್ನು ಕೇಳದೆ ಅಂಗಡಿಯಿಂದ ತರುವಂತಿಲ್ಲ. ಇಷ್ಟನ್ನೂ ಹೇಳಬೇಕಾದದ್ದು ಮತ್ತಿನಿಂದ ಈಗಷ್ಟೇ ಎದ್ದವನಿಗಲ್ಲ, ಅವನಿಗೆ ನೆನಪುಳಿಯುವುದಿಲ್ಲ. ಚೀಟಿ ಹಿಡಿದು ನಿಂತವಳಿಗೆ ಹೇಳಬೇಕು. ಹೇಳುವಾಗ, ರಿಮ್ಸ್‌ನಲ್ಲಿ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ಒಮ್ಮೆ ತೋರಿಸಿ ಎಂದು ಆ ಚೀಟಿಯ ಬೆನ್ನಿಗೆ ಬರೆದೂ ಕೊಡಬೇಕು.